ಎಎಲ್‌ಪಿ ಏರಿದ್ದರೆ ಹೊಟ್ಟೆಯ ಸಂಗತಿಯನ್ನೂ ಕೇಳಬೇಕು

ಕುಂಬಳೆ ಕಡೆಯ ಒಂದು ಸಣ್ಣ ಲ್ಯಾಬಿನಲ್ಲಿ ನಾನು ಟೆಕ್ನೀಶಿಯನ್. ಡಾಕ್ಟರ ಚೀಟಿ ಇಲ್ಲದೆ "ಲಿವರಿಂದೊಂದು ನೋಡಿ" ಅಂತ ಬರುವವರು ಈಗ ಜಾಸ್ತಿ. ಗಲ್ಫಿಗೆ ಹೊರಟವರು, ರಜೆಯಲ್ಲಿ ಬಂದವರು, ಪ್ಯಾಕೇಜ್ ತಪಾಸಣೆಯವರು. ಲಿವರಿನ ಕಿಣ್ವ ಎಸ್‌ಜಿಪಿಟಿ ಸ್ವಲ್ಪ ಏರಿದ್ದರೆ ಅವರೇ ತೀರ್ಪು ಕೊಟ್ಟುಬಿಡುತ್ತಾರೆ: ಫ್ಯಾಟಿ ಲಿವರ್. ಹೆಚ್ಚಾಗಿ ಅದು ಸರಿಯೂ ಹೌದು. ನಾನು ಎರಡನೇ ಸಲ ನೋಡುವುದು ಎಸ್‌ಜಿಪಿಟಿ ಹೆಚ್ಚೇನೂ ಇಲ್ಲದೆ ಆಲ್ಕಲೈನ್ ಫಾಸ್ಫಟೇಸ್, ಅಂದರೆ ಎಎಲ್‌ಪಿ, ಮೇಲೆ ಹೋಗಿರುವ ರಿಪೋರ್ಟನ್ನು.

ಈ ಕಿಣ್ವ ಲಿವರಿನದ್ದು ಮಾತ್ರ ಅಲ್ಲ. ಬೆಳೆಯುವ ಹುಡುಗರಲ್ಲಿ ಎಲುಬಿನಿಂದ ಬರುತ್ತದೆ, ತುಂಬು ಬಸುರಿಯರಲ್ಲಿ ಮಾಸಿನಿಂದ. ಓ ಮತ್ತು ಬಿ ಗುಂಪಿನ ರಕ್ತದ ಕೆಲವರು ಜಿಡ್ಡಿನ ತಿಂಡಿ ತಿಂದು ಬಂದರೂ ಸ್ವಲ್ಪ ಏರುತ್ತದೆ, ಅದು ಕರುಳಿನದ್ದು. ಆದ್ದರಿಂದ ಖಾಲಿ ಹೊಟ್ಟೆಯಲ್ಲಿ ಇನ್ನೊಮ್ಮೆ, ಜೊತೆಗೆ ಜಿಜಿಟಿ ಅನ್ನುವ ಇನ್ನೊಂದು ಕಿಣ್ವ. ಜಿಜಿಟಿ ಎಲುಬಿನಿಂದ ಬರುವುದಿಲ್ಲ. ಎರಡೂ ಏರಿದ್ದರೆ ಪಿತ್ತನಾಳದ ಕಡೆ ನೋಡಬೇಕು. ತೊಂದರೆಯೆಂದರೆ, ಜಿಜಿಟಿ ಕುಡಿತದಿಂದಲೂ ಏರುವುದು ಎಲ್ಲರಿಗೂ ಗೊತ್ತು. ಒಂದು ತೊಟ್ಟೂ ಮುಟ್ಟದವನನ್ನು ಮನೆಯವರು ಕೌಂಟರಿನ ಎದುರಲ್ಲೇ ವಿಚಾರಣೆ ಮಾಡುವುದನ್ನು ನೋಡಿದ್ದೇನೆ.

ಹಾಗೆ ವಿಚಾರಣೆಗೆ ಸಿಕ್ಕವನೊಬ್ಬ ಮೂವತ್ತರ ಆಸುಪಾಸಿನವನು. ಗುರುತು ಸಿಗದ ಹಾಗೆ ಹೇಳುತ್ತಿದ್ದೇನೆ. ಎಎಲ್‌ಪಿ 300ರ ಮೇಲೆ, ನಮ್ಮಲ್ಲಿ ಮಿತಿ 130. ಕಾಮಾಲೆಯಲ್ಲಿ ಏರುವ ಬಿಲಿರುಬಿನ್ ಸರಿ ಇತ್ತು, ಕಣ್ಣು ಹಳದಿಯಿಲ್ಲ, ಸ್ಕ್ಯಾನಿಂಗಿನಲ್ಲೂ ಏನಿಲ್ಲ. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಾಸರಗೋಡಿನದ್ದು, ಮಂಗಳೂರಿನದ್ದು ಅಂತ ಹಳೆ ರಿಪೋರ್ಟುಗಳು. ಗಡಿಯ ನಮ್ಮ ರೋಗಿಗಳ ಕಥೆಯೇ ಇದು: ಪ್ರತಿ ಕಾಗದವನ್ನೂ ಬೇರೆ ಬೇರೆಯವರು ಓದಿರುತ್ತಾರೆ, ಎಲ್ಲವನ್ನೂ ಒಟ್ಟಿಗೆ ಓದಿದವರಿಲ್ಲ. ತಾರೀಕಿನ ಪ್ರಕಾರ ಜೋಡಿಸಿದೆ. ಎಎಲ್‌ಪಿ ಒಮ್ಮೆಯೂ ಕೆಳಗಿಳಿದಿರಲಿಲ್ಲ. ಅದೇ ತೊಟ್ಟೆಯಲ್ಲಿ ಮೂಲವ್ಯಾಧಿಯ ಮುಲಾಮಿನ ಚೀಟಿಯೂ ಇತ್ತು.

ಜೊತೆಗೆ ಬಂದ ಅಕ್ಕ ಹೊರಗೆ ಹೋದ ಮೇಲೆ ಮಲದ ವಿಚಾರ ಕೇಳಿದೆ. "ದಿನಕ್ಕೆ ನಾಲ್ಕೈದು ಸಲ ಹೋಗಬೇಕಾಗ್ತದೆ ಅಣ್ಣ. ಲೋಳೆ, ರಕ್ತ ಎಲ್ಲ ಉಂಟು. ಮೂಲವ್ಯಾಧಿ ಅಲ್ವಾ?"

ರೋಗದ ಹೆಸರು ಹೇಳುವುದು ನನ್ನ ಕೆಲಸ ಅಲ್ಲ. ಅವನು ತೋರಿಸಿಕೊಳ್ಳುತ್ತಿದ್ದ ಡಾಕ್ಟರಿಗೆ ಫೋನ್ ಮಾಡಿ ಎರಡೂ ಸಂಗತಿಯನ್ನು ಒಟ್ಟಿಗೆ ಹೇಳಿದೆ. ಮಂಗಳೂರಿನಲ್ಲಿ ಕೊಲೊನೋಸ್ಕೋಪಿ (ದೊಡ್ಡ ಕರುಳಿನೊಳಗೆ ಕ್ಯಾಮರಾ ಬಿಟ್ಟು ನೋಡುವುದು) ಮಾಡಿದಾಗ ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನಲ್ಲಿ ಉರಿಯೂತ, ಹುಣ್ಣು. ಪಿತ್ತನಾಳ ನೋಡುವ ಎಂಆರ್‌ಐ ಸ್ಕ್ಯಾನ್ ಎಂಆರ್‌ಸಿಪಿಯಲ್ಲಿ ಆ ನಾಳಗಳು ಅಲ್ಲಲ್ಲಿ ಬಿಗಿದು, ಅಲ್ಲಲ್ಲಿ ಉಬ್ಬಿ, ಮಣಿ ಪೋಣಿಸಿದ ಹಾಗೆ. ಪ್ರೈಮರಿ ಸ್ಕ್ಲೀರೋಸಿಂಗ್ ಕೊಲಾಂಜೈಟಿಸ್, ಅಂದರೆ ಪಿತ್ತನಾಳಗಳು ಉರಿಯೂತದಿಂದ ಗಟ್ಟಿಯಾಗಿ ಕಿರಿದಾಗುವ ರೋಗ.

ಕರುಳಿನ ಉರಿಯೂತ ಇರುವವರಲ್ಲಿ ಇದು ಬರುವುದು ಕೆಲವೇ ಮಂದಿಗೆ. ತಿರುಗಿಸಿ ನೋಡಿದರೆ ಲೆಕ್ಕ ಬೇರೆ: ಪಾಶ್ಚಾತ್ಯ ದೇಶಗಳ ಅಧ್ಯಯನಗಳಲ್ಲಿ ಈ ಪಿತ್ತನಾಳದ ರೋಗಿಗಳ ಪೈಕಿ ಹೆಚ್ಚಿನವರಿಗೆ ಕರುಳಿನ ಕಾಯಿಲೆಯೂ ಇರುತ್ತದೆ. ಕರುಳು ಸುಮ್ಮನಿದ್ದಂತೆ ಕಂಡರೂ ಒಳಗೆ ಉರಿಯೂತ ಇರಬಹುದು. ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯವೂ ಹೆಚ್ಚು, ಅದಕ್ಕೇ ಎರಡೂ ಇದ್ದವರಿಗೆ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಕೊಲೊನೋಸ್ಕೋಪಿ ಹೇಳುತ್ತಾರೆ. ಅರ್ಸೋಡಿಆಕ್ಸಿಕೋಲಿಕ್ ಆಮ್ಲದ ಮಾತ್ರೆಯಿಂದ ಎಎಲ್‌ಪಿ ಇಳಿದಾಗ ರೋಗಿಗಳು ಖುಷಿಪಡುತ್ತಾರೆ. ಆದರೆ ಆ ಮಾತ್ರೆ ರೋಗದ ಓಟವನ್ನು ತಡೆಯುತ್ತದೆ ಅಂತ ಸಾಬೀತಾಗಿಲ್ಲ. ನಂಬರ್ ಇಳಿಯಿತೆಂದು ತಪಾಸಣೆ ಬಿಟ್ಟವರಿದ್ದಾರೆ, ಅವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಈಗ ಎಎಲ್‌ಪಿ, ಜಿಜಿಟಿ ಎರಡೂ ಏರಿದ್ದರೆ ಮೊದಲು ಮಾತ್ರೆಗಳ ವಿಚಾರ ಕೇಳುತ್ತೇನೆ. ಕರುಳಿನ ಕ್ಷಯ ಅಂತ ಟಿಬಿ ಔಷಧ ಶುರುಮಾಡಿದ್ದರೆ, ಕೊಲೈಟಿಸಿಗೆ ಅಜಥಯೋಪ್ರಿನ್ ನಡೆಯುತ್ತಿದ್ದರೆ ಕಿಣ್ವಗಳು ಅದರಿಂದಲೂ ಏರುತ್ತವೆ. ಆಮೇಲೆ ಮಲದ ವಿಚಾರ, ಅದೂ ರಕ್ತ ತೆಗೆಯುವ ಕೋಣೆಯೊಳಗೆ, ಅವರ ಭಾಷೆಯಲ್ಲಿ. ತುಳುವಿನಲ್ಲೋ ಬ್ಯಾರಿಯಲ್ಲೋ ಕೇಳಿದರೆ ಬೇಗ ಬಾಯಿ ಬಿಡುತ್ತಾರೆ. ಹೇಳಿದ್ದನ್ನು ರಿಪೋರ್ಟಿನ ಕೆಳಗೆ ಒಂದು ಸಾಲಿನಲ್ಲಿ ಬರೆದು, ಡಾಕ್ಟರಿಗೆ ತೋರಿಸದೆ ಇಡಬೇಡಿ ಅನ್ನುತ್ತೇನೆ.