ನ್ಯೂರೆಂಬರ್ಗಿಂದ ಫ್ಯೂರ್ತ್‌ಗೆ, ಆಡ್ಲರ್ ಓಡಿದ ದಾರೀಲಿ

ನ್ಯೂರೆಂಬರ್ಗ್ ಅಂದ್ರೆ ಎಲ್ರೂ ಕೋಟೆ, ಕ್ರಿಸ್‌ಮಸ್ ಮಾರ್ಕೆಟ್ ಅಂತಾರೆ, ನಾನು ಹೋಗಿದ್ದು ರೈಲ್ವೆ ಮ್ಯೂಸಿಯಂ ನೋಡೋಕೆ. ಜೊತೇಲಿದ್ದ ಫ್ರೆಂಡ್‌ಗೆ ರೈಲು ಅಂದ್ರೆ ಅಷ್ಟಕ್ಕಷ್ಟೆ, ಮಧ್ಯಾಹ್ನದ ಊಟ ನಂದು ಅಂತ ಹೇಳಿ ಎಳ್ಕೊಂಡು ಹೋದೆ. ಮೇನ್ ಸ್ಟೇಷನ್ನಿಂದ ನಡ್ಕೊಂಡೇ ಹೋಗ್ಬಹುದು, ಒಪೆರಾ ಹೌಸ್ ಹತ್ರಾನೇ.

ಅಲ್ಲಿರೋ ಹೀರೋ ಆಡ್ಲರ್. 1835ರ ಡಿಸೆಂಬರ್ 7ಕ್ಕೆ ನ್ಯೂರೆಂಬರ್ಗಿಂದ ಪಕ್ಕದ ಫ್ಯೂರ್ತ್‌ಗೆ ಸುಮಾರು 6 ಕಿಲೋಮೀಟರ್ ಓಡಿತು, ಜರ್ಮನಿಯ ಮೊದಲ ಉಗಿ ರೈಲು ಅಂದ್ರೆ ಅದೇ. ಈಗ ಕಾಣೋದು ಪ್ರತಿಕೃತಿ, ಅಸಲಿ ಇಂಜಿನ್ನನ್ನ 1857ರಲ್ಲೇ ಸರ್ವಿಸ್‌ನಿಂದ ತೆಗೆದು ಮಾರ್ಕೊಂಡುಬಿಟ್ರು, ಇಟ್ಕೋಬೇಕು ಅಂತ ಯಾರಿಗೂ ಅನಿಸ್ಲಿಲ್ಲ ನೋಡಿ! ನೂರನೇ ವರ್ಷಕ್ಕೆ 1935ರಲ್ಲಿ ಓಡೋ ಅಂಥ ಪ್ರತಿಕೃತಿ ಮಾಡಿದ್ರು, ಅದೂ 2005ರಲ್ಲಿ ಲೋಕೋ ಶೆಡ್‌ಗೆ ಬೆಂಕಿ ಬಿದ್ದು ಸುಟ್ಟೋಗಿ ಆಮೇಲೆ ರಿಪೇರಿ ಆಯ್ತು.

ಹತ್ರ ನಿಂತು ನೋಡಿದ್ರೆ ಎಷ್ಟು ಚಿಕ್ಕದು ಅನ್ಸುತ್ತೆ. ಉದ್ದ ಚಿಮಣಿ, ಮೂರು ಜೊತೆ ಚಕ್ರ, ಅದ್ರಲ್ಲಿ ಇಂಜಿನ್ ತಿರುಗಿಸೋದು ನಡುವಿನ ದೊಡ್ಡ ಜೊತೆ ಒಂದನ್ನೇ. ಎರಡೂ ಸಿಲಿಂಡರ್ ಒಳಗಡೆ ಇರೋದ್ರಿಂದ ಹಳೇ ಫೋಟೋಗಳಲ್ಲಿ ನೋಡೋ ಥರ ಹೊರಗಡೆ ರಾಡ್ ಹಿಂದೆ ಮುಂದೆ ಓಡೋದು ಕಾಣಲ್ಲ. ಡ್ರೈವರ್‌ಗೆ ತಲೆ ಮೇಲೆ ಸೂರೇ ಇಲ್ಲ, ಜರ್ಮನಿಯ ಡಿಸೆಂಬರ್ ಚಳೀಲಿ ಬಯಲಲ್ಲೇ ನಿಲ್ಬೇಕು. ಮ್ಯೂಸಿಯಂನಲ್ಲಿ ಆ ಕಾಲದ ಅಸಲಿ ವಸ್ತು ಅಂದ್ರೆ ಅದೇ ಲೈನಿನ 8ನೇ ನಂಬರ್ ಬೋಗಿ, ಜಟಕಾ ಡಬ್ಬಗಳನ್ನ ಒಂದಕ್ಕೊಂದು ಅಂಟಿಸಿ ಹಳಿ ಮೇಲೆ ಕೂರಿಸಿದ ಹಾಗಿದೆ, ನನಗೆ ಇಂಜಿನ್‌ಗಿಂತ ಅದೇ ಜಾಸ್ತಿ ಇಷ್ಟ ಆಯ್ತು.

ಮಜಾ ಏನಂದ್ರೆ ಜರ್ಮನಿಯ ಮೊದಲ ಇಂಜಿನ್ ಜರ್ಮನಿದಲ್ಲ. ನ್ಯೂಕ್ಯಾಸಲ್‌ನಲ್ಲಿ ಸ್ಟೀಫನ್ಸನ್ ಕಂಪನಿ ಮಾಡಿ, ಬಿಚ್ಚಿ, ಪೆಟ್ಟಿಗೆಗಳಲ್ಲಿ ತುಂಬಿ ಕಳಿಸ್ತು, ಹಡಗಲ್ಲಿ ರಾಟರ್‌ಡ್ಯಾಮ್, ಅಲ್ಲಿಂದ ರೈನ್ ನದಿ, ಆಮೇಲೆ ಗಾಡಿಗಳ ಮೇಲೆ ಇಲ್ಲಿಗೆ. ಡ್ರೈವರೂ ಇಂಗ್ಲೆಂಡಿನವನೇ, ವಿಲಿಯಂ ವಿಲ್ಸನ್, ಸಂಬಳ ರೈಲು ಕಂಪನಿಯ ಡೈರೆಕ್ಟರ್‌ಗಿಂತ ಜಾಸ್ತಿ. ಇನ್ನು ಕಲ್ಲಿದ್ದಲು ಸ್ಯಾಕ್ಸನಿಯಿಂದ ಗಾಡೀಲಿ ಬರ್ಬೇಕಿತ್ತು, ದುಬಾರಿ, ಅದಕ್ಕೇ ಶುರುವಿನಲ್ಲಿ ಹೆಚ್ಚಿನ ಟ್ರಿಪ್ ಎಳೆದಿದ್ದು ಕುದುರೆ! ರೈಲಿನ ವೇಗಕ್ಕೆ ಜನರ ಬುದ್ಧಿ ಕೆಡುತ್ತೆ ಅಂತ ಬವೇರಿಯಾದ ಡಾಕ್ಟರುಗಳು ಎಚ್ಚರಿಕೆ ಕೊಟ್ಟಿದ್ರು ಅಂತ ಒಂದು ಕಥೆ ಎಲ್ಲಾ ಕಡೆ ಓಡಾಡುತ್ತಲ್ಲ, ಆ ಕಾಗದ ಇವತ್ತಿನವರೆಗೂ ಯಾರಿಗೂ ಸಿಕ್ಕಿಲ್ಲ, ನಂಬ್ಬೇಡಿ.

ಜರ್ಮನ್ನರೇ ಮಾಡಿದ್ದು ಬೇಕಂದ್ರೆ ಡ್ರೆಸ್ಡೆನ್ ಟ್ರಾನ್ಸ್‌ಪೋರ್ಟ್ ಮ್ಯೂಸಿಯಂನ ಸ್ಯಾಕ್ಸೋನಿಯಾ ನೋಡ್ಬೇಕು, ಅದೂ ಪ್ರತಿಕೃತೀನೇ. 1838ರಲ್ಲಿ ಯೋಹಾನ್ ಆಂಡ್ರಿಯಾಸ್ ಶೂಬರ್ಟ್ ಅನ್ನೋ ಪ್ರೊಫೆಸರ್ ಕಟ್ಟಿಸಿದ್ದು. 1839ರ ಏಪ್ರಿಲ್‌ನಲ್ಲಿ ಲೈಪ್‌ಜಿಗ್–ಡ್ರೆಸ್ಡೆನ್ ಲೈನ್ ಉದ್ಘಾಟನೆ ಆದಾಗ ಗಣ್ಯರ ರೈಲು ಎಳೆಯೋ ಮರ್ಯಾದೆ ಇಂಗ್ಲಿಷ್ ಇಂಜಿನ್‌ಗಳಿಗೆ, ಪಾಪ ಶೂಬರ್ಟ್ ತನ್ನ ಇಂಜಿನ್ ತಾನೇ ಓಡಿಸ್ಕೊಂಡು ಹಿಂದೆ ಹೋದ. ಅಲ್ಲಿಂದ ಇಪ್ಪತ್ತು ವರ್ಷ ಕಳೆಯೋದ್ರೊಳಗೆ, 1858ಕ್ಕೆ, ಬರ್ಲಿನ್ನಿನ ಬೋರ್ಸಿಗ್ ಕಾರ್ಖಾನೆ ಸಾವಿರನೇ ಇಂಜಿನ್ ಮಾಡಿ ಮುಗಿಸಿತ್ತು. ಇಂಗ್ಲೆಂಡಿನವ್ರು ಇದನ್ನ ಊಹಿಸಿರ್ಲಿಕ್ಕಿಲ್ಲ.

ಊಟ ಮಾಡಿ ಪ್ಲೆರರ್‌ನಲ್ಲಿ ಯು1 ಮೆಟ್ರೋ ಹತ್ತಿದ್ವಿ, ಈ ಮೆಟ್ರೋ ಹೆಚ್ಚುಕಮ್ಮಿ ಆ ಹಳೇ ಲೈನಿನ ದಾರೀಲೇ ಹೋಗುತ್ತೆ. ಮೊದಲು ನೆಲದಡಿ, ಮುಗ್ಗೆನ್‌ಹೋಫ್ ಹತ್ರ ಮೇಲೆ ಬಂದು ಮತ್ತೆ ಕೆಳಗೆ. ಉದ್ಘಾಟನೆ ದಿನ ಆಡ್ಲರ್ ಈ ದೂರಾನ 9 ನಿಮಿಷದಲ್ಲಿ ಮುಗಿಸಿತ್ತು, ಮೆಟ್ರೋ ಅದಕ್ಕಿಂತ ಬೇಗ ಏನೂ ತಲುಪಿಸ್ಲಿಲ್ಲ, ಮಧ್ಯೆ ಅಷ್ಟೊಂದು ಸ್ಟಾಪ್ ಇದಾವೆ ಬಿಡಿ. 1836ರಲ್ಲಿ ಈ ಲೈನಿನ ಮೊದಲ ಗೂಡ್ಸ್ ಅಂತ ಹೋಗಿದ್ದು ಎರಡು ಪೀಪಾಯಿ ಬಿಯರ್ ಅಂದಾಗ ನನ್ನ ಫ್ರೆಂಡ್ ಮೊಬೈಲ್ ಕೆಳಗಿಟ್ಟು ಮೊದಲ ಸಲ ಗಮನ ಕೊಟ್ಟು ಕೇಳ್ದ.

ಫ್ಯೂರ್ತ್‌ನಲ್ಲಿ ಹಳೇ ಸ್ಟೇಷನ್ ಇಲ್ಲ, 1938ರಲ್ಲಿ ಕೆಡವಿದ್ರು, ಈಗ ದೊಡ್ಡ ಚೌಕ. ಸುಮ್ನೆ ಒಂದು ಸುತ್ತು ಹಾಕಿ ವಾಪಸ್ ಬಂದು ಯೋಹಾನ್ನಿಸ್ ಸ್ಮಶಾನಕ್ಕೆ ಹೋದ್ವಿ. ಟೂರಿಸ್ಟ್‌ಗಳೆಲ್ಲ ಚಿತ್ರಕಾರ ಡ್ಯೂರರ್ ಸಮಾಧಿ ಹುಡುಕ್ತಾರೆ, ನಮ್ಮ ವಿಲ್ಸನ್ನೂ ಅಲ್ಲೇ ಇರೋದು, ಸ್ವಲ್ಪ ತಿಂಗಳಿಗೆ ಅಂತ ಬಂದವನು ವಾಪಸ್ ಹೋಗ್ದೆ 1862ರಲ್ಲಿ ಈ ಊರಲ್ಲೇ ತೀರ್ಕೊಂಡ. ಹೋಗೋರು ಸೋಮವಾರ ಬಿಟ್ಟು ಪ್ಲಾನ್ ಮಾಡಿ, ಮ್ಯೂಸಿಯಂಗೆ ರಜ.