ಝೋನ್ ಅಳೆಯುವ ಮೊದಲು ಖಾಲಿ ವೆಲ್ ನೋಡಿ

ಔಷಧಿ ಗಿಡಗಳ ಸಾರ ಫಂಗಸ್ ಬೆಳೆಯದಂತೆ ತಡೆಯುತ್ತದೆಯೇ ಎಂದು ಪರೀಕ್ಷಿಸುವುದು ನನ್ನ ಕೆಲಸ. ಲ್ಯಾಬ್‌ಗೆ ಹೊಸದಾಗಿ ಬಂದವರು ಇನ್‌ಕ್ಯುಬೇಟರ್‌ನಿಂದ ಪ್ಲೇಟ್ ತೆಗೆದ ಕೂಡಲೇ ಸ್ಕೇಲ್ ಹುಡುಕುತ್ತಾರೆ. ಫಂಗಸ್ ಬೆಳೆಸುವ ಜೆಲ್ಲಿಯಲ್ಲಿ (ಅಗಾರ್) ಸಾರ ಹಾಕಲು ಕೊರೆದ ಪುಟ್ಟ ಕುಳಿಯೇ ವೆಲ್. ಅದರ ಸುತ್ತ ಫಂಗಸ್ ಬೆಳೆಯದ ಜಾಗ, ಅಂದರೆ ಝೋನ್, ಎಷ್ಟು ಮಿಲಿಮೀಟರ್ ಇದೆ ಅಂತ ಅಳೆಯುವ ಆತುರ. ನನ್ನ ಕಣ್ಣು ಮೊದಲು ಹೋಗುವುದು ಸಾರವನ್ನೇ ಹಾಕದ ವೆಲ್ ಕಡೆಗೆ.

ಆ ವೆಲ್‌ನಲ್ಲಿ ಇರುವುದು ಬರೀ ದ್ರಾವಕ. ಅದರ ಸುತ್ತಲೂ ಝೋನ್ ಬಂದಿದ್ದರೆ ಉಳಿದದ್ದನ್ನು ಅಳೆದು ಏನು ಪ್ರಯೋಜನ? ಸಾರ ತೆಗೆಯಲು ಬಳಸುವ ಮೆಥನಾಲ್, ಎಥನಾಲ್ ತಾವೇ ಫಂಗಸ್ ಕೊಲ್ಲಬಲ್ಲವು. ಅದಕ್ಕೇ ಸಾರವನ್ನು ಪೂರ್ತಿ ಒಣಗಿಸಿ, ಆಮೇಲೆ ಡಿಎಂಎಸ್‌ಒ ಎಂಬ ಬೇರೆ ದ್ರಾವಕದಲ್ಲಿ ಕರಗಿಸುತ್ತೇವೆ. ಫಂಗಸನ್ನು ಅಗಾರ್ ಬದಲು ದ್ರವದಲ್ಲಿ ಬೆಳೆಸುವ ಪರೀಕ್ಷೆಯಲ್ಲಿ ಡಿಎಂಎಸ್‌ಒ ಶೇ. 1 ದಾಟದಂತೆ ನೋಡಿಕೊಳ್ಳುತ್ತೇವೆ.

ಹೋಲಿಕೆಗೆ ಇಡುವ ಔಷಧಿಯಲ್ಲೂ ಒಂದು ತಮಾಷೆ ಇದೆ. ಕ್ಯಾಂಡಿಡಾ ಆಲ್ಬಿಕಾನ್ಸ್ ಎಂಬ ಫಂಗಸ್‌ಗೆ ಫ್ಲುಕೊನಜೋಲ್ ಸರಿ. ಅದೇ ಫ್ಲುಕೊನಜೋಲನ್ನು ಆಸ್ಪರ್‌ಜಿಲಸ್ ಎಂಬ ಇನ್ನೊಂದು ಫಂಗಸ್‌ನ ಪ್ಲೇಟ್‌ಗೂ ಹಾಕಿ, "ನಮ್ಮ ಎಲೆ ಔಷಧಿಯನ್ನೇ ಮೀರಿಸಿತು" ಎಂದು ಬೀಗುವವರಿದ್ದಾರೆ. ಆಸ್ಪರ್‌ಜಿಲಸ್‌ಗೆ ಫ್ಲುಕೊನಜೋಲ್ ಹುಟ್ಟಿನಿಂದಲೇ ತಾಗುವುದಿಲ್ಲ! ಅಲ್ಲಿ ವೊರಿಕೊನಜೋಲ್ ಅಥವಾ ಆಂಫೊಟೆರಿಸಿನ್ ಬಿ ಇಡಬೇಕು.

ಇನ್ನು ಝೋನ್ ದೊಡ್ಡದಾದರೆ ಗಿಡ ಬಲವಾದದ್ದೇ? ಹಾಗೇನಿಲ್ಲ. ಅಗಾರ್ ಬಹುಪಾಲು ನೀರು. ಎಣ್ಣೆ ಗುಣದ ಅಣುಗಳು ಅದರಲ್ಲಿ ಸರಿಯಾಗಿ ಹರಡುವುದಿಲ್ಲ, ವೆಲ್ ಪಕ್ಕದಲ್ಲೇ ಉಳಿದುಬಿಡುತ್ತವೆ. ಒಳ್ಳೆಯ ಸಾರಕ್ಕೂ ಸಣ್ಣ ಝೋನ್ ಬರುವುದು ಹೀಗೆ. ಎರಡು ಗಿಡಗಳನ್ನು ಹೋಲಿಸಬೇಕಾದರೆ ಎಂಐಸಿ, ಅಂದರೆ ಫಂಗಸ್ ತಡೆಯಲು ಬೇಕಾದ ಕನಿಷ್ಠ ಪ್ರಮಾಣ, ನೋಡಬೇಕು. ದ್ರವ ತುಂಬುವ 96 ಪುಟ್ಟ ವೆಲ್‌ಗಳ ಪ್ಲೇಟ್‌ನಲ್ಲಿ ಸಾರವನ್ನು ಅರ್ಧರ್ಧ ತೆಳು ಮಾಡುತ್ತಾ ಹೋಗಿ, ಎಷ್ಟು ಕಡಿಮೆ ಪ್ರಮಾಣಕ್ಕೂ ಬೆಳವಣಿಗೆ ನಿಲ್ಲುತ್ತದೆ ಎಂದು ಕಂಡುಹಿಡಿಯುವುದು.

ನಿಜವಾದ ತಲೆನೋವು ಶುರುವಾಗುವುದೂ ಇಲ್ಲೇ. ಎಲೆಯ ಸಾರ ಕಡು ಹಸಿರು, ಬೇರಿನದ್ದು ಕಂದು. ಮೊದಲ ಒಂದೆರಡು ವೆಲ್‌ಗಳಲ್ಲಿ ಸಾರ ಕರಗದೆ ಗಸಿಯಾಗಿ ಕೂತಿರುತ್ತದೆ. ಮಬ್ಬು ಕಾಣುತ್ತಿರುವುದು ಫಂಗಸ್‌ನಿಂದಲೋ ಸಾರದಿಂದಲೋ? ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ರೆಸಜುರಿನ್ ಬಣ್ಣ ಹಾಕುತ್ತೇವೆ. ಜೀವಂತ ಕೋಶಗಳಿದ್ದರೆ ನೀಲಿ ಹೋಗಿ ಗುಲಾಬಿ ಬರುತ್ತದೆ. ಆದರೆ ಕೆಲವು ಗಿಡಗಳ ಆಂಟಿಆಕ್ಸಿಡೆಂಟ್‌ಗಳು ಫಂಗಸ್ ಇಲ್ಲದಿದ್ದರೂ ಸುಮ್ನೆ ಗುಲಾಬಿ ಮಾಡಿಬಿಡುತ್ತವೆ. ಹಾಗಾಗಿ ಪ್ರತಿ ಸಾರಕ್ಕೂ ಫಂಗಸ್ ಹಾಕದ ಒಂದು ಸಾಲು ಇಡಲೇಬೇಕು. ವೆಲ್ ದಂಡ ಅಂತ ಅದನ್ನು ಬಿಡುವವರೇ ಜಾಸ್ತಿ.

ತಿಳಿಯಾಗಿ ಕಂಡ ವೆಲ್‌ನಲ್ಲಿ ಫಂಗಸ್ ಸತ್ತೇ ಹೋಗಿದೆ ಅಂತಲೂ ಅಲ್ಲ. ಅದರಿಂದ ಒಂದು ಹನಿ ತೆಗೆದು ಸಾರವಿಲ್ಲದ ಅಗಾರ್ ಮೇಲೆ ಹಾಕಿ ನೋಡಿ. ಎಷ್ಟೋ ಸಲ ಮತ್ತೆ ಬೆಳೆಯುತ್ತದೆ. ಅಂದರೆ ಸಾರ ಅದನ್ನು ತಡೆದಿತ್ತು ಅಷ್ಟೆ, ಕೊಂದಿರಲಿಲ್ಲ. ಎರಡೂ ಬೇರೆ ಬೇರೆ ಅಲ್ವಾ?

ಏನೂ ಕೆಲಸ ಮಾಡಲಿಲ್ಲ ಅಂದಾಗಲೂ ಸಾರ ತೆಗೆದ ರೀತಿಯನ್ನು ಕೇಳಿ. ಬೆಳ್ಳುಳ್ಳಿಯನ್ನೇ ತೆಗೆದುಕೊಳ್ಳಿ. ಫಂಗಸ್ ತಡೆಯುವ ಅದರ ಅಂಶ ಆಲಿಸಿನ್ ಇಡೀ ಎಸಳಿನಲ್ಲಿ ಇರುವುದಿಲ್ಲ. ಜಜ್ಜಿದಾಗ ಆಲಿನೇಸ್ ಎಂಬ ಕಿಣ್ವ ಎಸಳಿನಲ್ಲಿರುವ ಆಲಿನ್ ಎಂಬ ವಸ್ತುವಿನ ಜೊತೆ ಸೇರಿ ಅದನ್ನು ಹುಟ್ಟಿಸುತ್ತದೆ. ಜಜ್ಜುವ ಮೊದಲೇ ಕುದಿಸಿದರೆ ಕಿಣ್ವ ಕೆಡುತ್ತದೆ, ಆಲಿಸಿನ್ ಹುಟ್ಟುವುದೇ ಇಲ್ಲ. ಆಮೇಲೆ "ಬೆಳ್ಳುಳ್ಳಿಗೆ ಗುಣವಿಲ್ಲ" ಎಂದು ಬರೆದರೆ ಪಾಪ, ಬೆಳ್ಳುಳ್ಳಿ ಏನು ಮಾಡಬೇಕು?