ಯೋಗದ ಬೇರು ಹುಡುಕುತ್ತಾ

ಇಂದು ಬೆಳಗಿನ ಅಭ್ಯಾಸ ಮುಗಿಸಿ ಕಣ್ಣು ಮುಚ್ಚಿ ಕುಳಿತಾಗ, ಮನುಷ್ಯ ಮೊದಲ ಬಾರಿಗೆ ಹೀಗೆ ಸುಮ್ಮನೆ ಕುಳಿತದ್ದು ಯಾವಾಗ ಎಂಬ ಪ್ರಶ್ನೆ ಮನಸ್ಸಿಗೆ ಬಂತು. ಮೊಹೆಂಜೊದಾರೊದಲ್ಲಿ ದೊರೆತ, ಸುಮಾರು 3.5 ಸೆಂಟಿಮೀಟರ್ ಅಗಲದ ಪುಟ್ಟ ಕಲ್ಲಿನ ಮುದ್ರೆ ನೆನಪಾಯಿತು: ಕೊಂಬಿನ ಕಿರೀಟ ತೊಟ್ಟ ಆಕೃತಿಯೊಂದು ಹಿಮ್ಮಡಿಗಳನ್ನು ಜೋಡಿಸಿ ಕುಳಿತಿದೆ, ಸುತ್ತಲೂ ಆನೆ, ಹುಲಿ, ಘೇಂಡಾಮೃಗ ಮತ್ತು ಕೋಣಗಳಿವೆ. ಪುರಾತತ್ತ್ವಜ್ಞ ಜಾನ್ ಮಾರ್ಷಲ್ ಅದರಲ್ಲಿ ಯೋಗಿಯಾದ ಶಿವನ ಪೂರ್ವರೂಪವನ್ನು ಕಂಡರು. ನಂತರದ ಹಲವು ವಿದ್ವಾಂಸರು ಅದನ್ನು ಒಪ್ಪಲಿಲ್ಲ. ಅದರ ಮೇಲಿರುವ ಸಿಂಧೂ ಲಿಪಿಯನ್ನು ಓದಲಾಗದಿರುವವರೆಗೆ ಆ ಮುದ್ರೆಯೊಂದನ್ನೇ ನಂಬಿ ಯೋಗಕ್ಕೆ ಐದು ಸಾವಿರ ವರ್ಷಗಳೆಂದು ಸಾರುವುದು ನನಗೆ ಸರಿಯೆನಿಸುವುದಿಲ್ಲ.

ನನ್ನನ್ನು ಹೆಚ್ಚು ಸೆಳೆಯುವುದು ‘ಯೋಗ’ ಎಂಬ ಪದವೇ. ಅದರ ಮೂಲವಾದ ‘ಯುಜ್’ ಎಂಬ ಧಾತುವಿಗೆ ಹೂಡುವುದು, ಜೋಡಿಸುವುದು ಎಂಬ ಅರ್ಥವಿದ್ದು, ಋಗ್ವೇದದಲ್ಲಿ ಅದು ರಥಕ್ಕೆ ಕುದುರೆ ಹೂಡುವ ಮಾತಾಗಿ ಬರುತ್ತದೆ. ಮುಂದೆ ಕಠೋಪನಿಷತ್ತು ಅದೇ ರಥವನ್ನು ನಮ್ಮೊಳಗೇ ತಂದು ನಿಲ್ಲಿಸುತ್ತದೆ: ದೇಹವೇ ರಥ, ಇಂದ್ರಿಯಗಳೇ ಕುದುರೆಗಳು, ಮನಸ್ಸೇ ಲಗಾಮು, ಬುದ್ಧಿಯೇ ಸಾರಥಿ. ಇಂದ್ರಿಯಗಳನ್ನು ಸ್ಥಿರವಾಗಿ ಹಿಡಿದಿಡುವುದನ್ನೇ ಯೋಗವೆಂದು ಆ ಉಪನಿಷತ್ತು ಕರೆಯುತ್ತದೆ.

ಪತಂಜಲಿಯ ‘ಯೋಗಸೂತ್ರ’ ಗ್ರಂಥದ ಸುಮಾರು 195 ಸೂತ್ರಗಳಲ್ಲಿಯೂ ಆಸನದ ವಿವರಣೆಗೆ ಮೀಸಲಾದವು ಮೂರು ಮಾತ್ರ, ಅಲ್ಲಿ ಯಾವ ಆಸನದ ಹೆಸರೂ ಇಲ್ಲ. ಸ್ಥಿರವೂ ಸುಖಕರವೂ ಆಗಿರಬೇಕೆಂದಷ್ಟೇ ಹೇಳಿದೆ. ಇಷ್ಟು ವರ್ಷ ಬೆನ್ನು ಬಾಗಿಸುವುದರಲ್ಲೇ ಮುಳುಗಿದ್ದ ನಾನು ಇಂದು ಆ ಮೂರು ಸೂತ್ರಗಳನ್ನು ಮತ್ತೆ ಓದಿ, ಬಹಳ ಹೊತ್ತು ಅಲುಗಾಡದೆ ಕುಳಿತೆ.